ವಕೀಲರ ಮನೆಯ ಎಮ್ಮೆ

ಮದುವೆಯಾಗಿ ಬಬಲೇಶ್ವರಕ್ಕೆ ಹೋದಾಗ ನನ್ನ ಟ್ರಂಕಿನಲ್ಲಿ ಆರು ಸೀರೆ, ಎರಡು ಕಾದಂಬರಿ ಇದ್ದವು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಅತ್ತೆ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಮಡಚಿಟ್ಟರು. ಕಾದಂಬರಿಗಳನ್ನು ಕೈಯಲ್ಲಿ ಎತ್ತಿ ಹಿಡಿದು, "ಇವನ್ನೇನು ಮಾಡ್ತಿ?" ಎಂದರು.

"ಓದ್ತೀನ್ರಿ."

"ಗಟ್ಟ್ಯಾಗಿ ಓದು. ನಾವೂ ಕೇಳ್ತೀವಿ."

ಸೊಸೆಯ ಪುಸ್ತಕವನ್ನು ಒಲೆಗೆ ಹಾಕುವ ಅತ್ತೆಯರ ಸುದ್ದಿ ಕೇಳಿ ಹೆದರಿಕೊಂಡೇ ಹೋಗಿದ್ದೆ. ಹೀಗಾದೀತೆಂದು ಅಂದುಕೊಂಡಿರಲಿಲ್ಲ.

ನಮ್ಮದು ಒಕ್ಕಲುತನದ ಮನೆ. ಸುಗ್ಗಿ ಮುಗಿದ ಮೇಲೆ, ಮಧ್ಯಾಹ್ನದ ಊಟವಾದೊಡನೆ ಅತ್ತೆ ಮತ್ತು ಓಣಿಯ ಮೂವರು ಹೆಂಗಸರು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು, ಕಡಲೆ ಕೇರುತ್ತಿದ್ದರು. ಅವರ ಕೈಗೆ ಕೆಲಸವಿತ್ತು, ಕಿವಿ ಖಾಲಿ ಇದ್ದವು. ಆ ಕಿವಿಗಳ ಸಲುವಾಗಿ ನನ್ನನ್ನು ಕಂಬಕ್ಕೆ ಒರಗಿಸಿ ಕೂಡಿಸಿದರು. ಪುಸ್ತಕ ನಡೆದಿರುವಷ್ಟು ದಿನ ನನಗೆ ಕೇರುವ ಕೆಲಸವಿಲ್ಲ. ಹಿಡಿಸದಿದ್ದರೆ ಅತ್ತೆ "ಮುಚ್ಚಿಡು" ಎನ್ನುವರು, ಮರುಕ್ಷಣ ನನ್ನ ಮುಂದೆಯೂ ಒಂದು ಮೊರ ಬಂದು ಕೂಡುತ್ತಿತ್ತು. ನಾನೇನು ಮೈಗಳ್ಳಿಯಲ್ಲ. ಆದರೆ ಆ ತುಂಬಿದ ಮನೆಯಲ್ಲಿ ನನ್ನದು ಎನ್ನಬಹುದಾದ ಹೊತ್ತು ಅದೊಂದೇ ಇತ್ತು. ಆದ್ದರಿಂದ ಒಂದು ಪುಸ್ತಕ ಮುಗಿಯುವ ಮೊದಲೇ ಮುಂದಿನದರ ಚಿಂತೆ ಶುರುವಾಗುತ್ತಿತ್ತು.

ಪುಸ್ತಕ ಬರಬೇಕಾದದ್ದು ವಿಜಾಪುರದಿಂದ. ತವರುಮನೆ ಅಲ್ಲಿಯ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಸಾಮಾನು ತರಲು ಗಾಂಧಿ ಚೌಕಕ್ಕೆ ಹೋದಾಗ ಅಲ್ಲಿಯ ಸಂದಿಯೊಂದರಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಗೂ ಹೋಗಿ, ಪುಸ್ತಕ ತಂದು ಬಬಲೇಶ್ವರದ ಬಸ್ಸಿಗೆ ಬರುವ ಪರಿಚಯದವರ ಕೈಯಲ್ಲಿ ಕಳಿಸುತ್ತಿದ್ದರು. ಅಪ್ಪ ತಾವು ಒಂದು ಪುಟವನ್ನೂ ಓದಿದವರಲ್ಲ. ಟಾಯರು ಒತ್ತಿ ನೋಡಿದಂತೆ ಪುಸ್ತಕವನ್ನೂ ಒತ್ತಿ ನೋಡಿ ದಪ್ಪಗಿದ್ದದ್ದನ್ನು ತರುತ್ತಿದ್ದರು. ನಾನು ಕಾರ್ಡು ಬರೆದು, ದಪ್ಪ ನೋಡಬೇಡಿರಿ, ಪುಟದ ಮೂಲೆ ಹೊಲಸಾಗಿದೆಯೇ ನೋಡಿರಿ, ಹೆಚ್ಚು ಮಂದಿ ಓದಿದ್ದು ಹೆಚ್ಚು ಹೊಲಸಾಗಿರುತ್ತದೆ ಎಂದು ತಿಳಿಸಿದೆ. ಆ ಮೇಲೆ ಬಂದ ಪುಸ್ತಕಗಳಿಗೆ ರಟ್ಟೂ ಇರುತ್ತಿರಲಿಲ್ಲ.

ಹೊಲಸಾದ ಪುಸ್ತಕಗಳೂ ಅತ್ತೆಯ ಮುಂದೆ ನಿಲ್ಲುವುದು ಕಷ್ಟವಿತ್ತು. ಪ್ರೀತಿ, ಕಣ್ಣೀರು, ಕೊಲೆ ಯಾವುದಕ್ಕೂ ಅವರ ತಕರಾರಿಲ್ಲ. ಆದರೆ ಮೊದಲು ಆ ಮನೆ ನಡೆಯುವ ಬಗೆ ತಿಳಿಯಬೇಕು. ಬೆಳದಿಂಗಳಲ್ಲಿ ತಿರುಗುವ ನಾಯಕ ಬಂದರೆ, "ಇವ ದುಡಿಯೂದು ಯಾವಾಗ?" ಎನ್ನುವರು. ನಾಯಕಿ ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕು ದಿನ ಅತ್ತರೆ, "ಅಲ್ಲಿತನಕ ರೊಟ್ಟಿ ಬಡದಾಕಿ ಯಾರು? ಆಕಿ ಸುದ್ದೀನ ತಗೀಲಿಲ್ಲಲ್ಲ" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಆ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಬರೆದವರಲ್ಲಿಯೂ ಇದ್ದಂತೆ ಕಾಣಲಿಲ್ಲ.

ಒಂದು ಸಲ ಒಂದೇ ತಿಂಗಳಲ್ಲಿ ಎರಡು ಪುಸ್ತಕ ಮುಚ್ಚಿಡಿಸಿದರು. ಮೂರನೆಯದನ್ನು ಕಳಿಸುವಾಗ ಅಪ್ಪ, ಇನ್ನು ಒಂದು ತಿಂಗಳು ಚೌಕದ ಕಡೆಗೆ ಹೋಗುವುದಿಲ್ಲ ಎಂದು ಹೇಳಿ ಕಳಿಸಿದರು. ಅದು ದೊಡ್ಡ ಊರೊಂದರ ವಕೀಲರ ಮನೆಯ ಕಥೆ. ವಕೀಲರ ಹೆಂಡತಿ ಕಿಟಕಿಯಲ್ಲಿ ನಿಲ್ಲುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಕಾಫಿ ಕುಡಿಯುತ್ತಾಳೆ. ಮೊದಲ ದಿನವೇ ಅತ್ತೆಯ ಕೈ ನಿಂತಿತು.

"ಐದು ಸಲ ಕಾಫಿ ಆತು. ಇವರ ಮನಿಗೆ ಹಾಲು ಎಲ್ಲಿಂದ ಬರತೈತಿ?"

"ಮುಚ್ಚಿಡು" ಎಂಬ ಮಾತು ಅವರ ತುಟಿಗೆ ಬಂದದ್ದು ನನಗೆ ಕಂಡಿತು. ಪುಸ್ತಕದಿಂದ ತಲೆ ಎತ್ತದೆ, ಓದುವ ದನಿಯಲ್ಲಿಯೇ, "ವಕೀಲರ ಮನೆಯ ಹಿತ್ತಲಲ್ಲಿ ಒಂದು ಎಮ್ಮೆ ಇತ್ತು" ಎಂದೆ.

"ಹಂಗನ್ನು. ಗಬ್ಬ ಐತೇನು?"

"ಅದು ಗಬ್ಬವಾಗಿತ್ತು" ಎಂದು ಓದಿದೆ.

ಅಲ್ಲಿಂದ ಮುಂದೆ ವಕೀಲರ ಹೆಂಡತಿಗೆ ನಿಟ್ಟುಸಿರು ಬಿಡಲು ಪುರುಸೊತ್ತೇ ಸಿಗಲಿಲ್ಲ. ಎಮ್ಮೆಗೆ ಒಂದು ಕೋಡು ಕೆಳಗೆ ಬಾಗಿತ್ತು. ಅದಕ್ಕೆ ಜಡ್ಡು ಬಂತು, ಔಷಧಿ ಕುಡಿಸಿದರು. ಒಮ್ಮೆ ಹಗ್ಗ ಹರಿದುಕೊಂಡು ಕಚೇರಿಯ ತನಕ ಹೋಯಿತು. ಓಣಿಯ ಹೆಂಗಸರು ಹೊತ್ತಿಗೆ ಮೊದಲೇ ಬಂದು ಕೂಡತೊಡಗಿದರು. ನನಗೂ ಸೊಕ್ಕು ಬಂತು, ಬರೆದವನಿಗಿಂತ ನಾನೇ ವಾಸಿ ಅನಿಸತೊಡಗಿತು. ಆದರೆ ಎಮ್ಮೆ ಈಯುವುದನ್ನು ನಾಳೆ ನಾಳೆ ಎಂದು ಮುಂದೆ ಹಾಕುತ್ತ ಹೋಗಿ, ಕೊನೆಯ ಪುಟ ಬಂದೇ ಬಿಟ್ಟಿತು. ವಕೀಲರ ಸಂಸಾರ ಸರಿಹೋಯಿತು, ಎಮ್ಮೆ ಗಬ್ಬವಾಗಿಯೇ ಉಳಿಯಿತು. ಅತ್ತೆಗೆ ಅದೊಂದು ಕೊರಗು. ಆದರೂ ಇಂಥ ಪುಸ್ತಕ ಇನ್ನೊಂದಿಲ್ಲ, ಬಾಡಿಗೆ ಏರಿದರೆ ಏರಲಿ ಎಂದು ತಿಕೋಟಾದಲ್ಲಿದ್ದ ತಂಗಿಗೆ ಅದನ್ನು ಕಳಿಸಿಕೊಟ್ಟರು. ಆ ಮನೆಗೂ ಓದು ಬಲ್ಲ ಹೊಸ ಸೊಸೆ ಬಂದಿದ್ದಳು. ನಾನು ತಡೆಯಬಹುದಿತ್ತು. ಅಲ್ಲಿಯವರು ಎಮ್ಮೆಯನ್ನು ಹುಡುಕುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಬೇಸಿಗೆಯಲ್ಲಿ ಶಾವಿಗೆ ಮಾಡಲು ಆ ತಂಗಿ, ಅಂದರೆ ನನ್ನ ಸಣ್ಣತ್ತೆ, ನಮ್ಮನ್ನು ತಿಕೋಟಾಕ್ಕೆ ಕರೆಸಿದರು. ಶಾವಿಗೆ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮಣೆಯ ಮೇಲೆ ಹಿಟ್ಟು ಹೊಸೆಯುವವರು ಬೇರೆ, ಇಳಿದ ಎಳೆಗಳನ್ನು ಹಿಡಿದು ಕೋಲಿಗೆ ಹಾಕುವವರು ಬೇರೆ, ಆರೆಂಟು ಹೆಂಗಸರು ಸೇರಿದ್ದರು. ನಾನು ಎಳೆ ಹಿಡಿಯುವ ಕಡೆ ಕುಳಿತಿದ್ದೆ. ಸಣ್ಣತ್ತೆ ಹಿಟ್ಟು ಹೊಸೆಯುತ್ತ ಮಾತು ತೆಗೆದರು.

"ಅಕ್ಕಾ, ನೀ ಕಳಿಸಿದ ಪುಸ್ತಕ ಭಾಳ ಸಪ್ಪಗ ಐತಿ. ಆಕಿ ಕಿಡಕ್ಯಾಗ ನಿಂತ್ಲು ಅಂದ್ರ ನಿಂತ್ಲು."

"ಯಾಕ, ಎಮ್ಮಿ ಹಗ್ಗ ಹರಕೊಂಡು ಹೋಗಲಿಲ್ಲೇನು?" ಎಂದರು ಅತ್ತೆ.

"ಯಾವ ಎಮ್ಮಿ?"

"ಹಿತ್ತಲದಾಗಿಂದು ಬೇ. ಗಬ್ಬ ಇದ್ದದ್ದು. ಒಂದು ಕೋಡು ಬಾಗಿದ್ದು."

"ನಮಗ ಯಾವ ಎಮ್ಮೀನೂ ಬರಲಿಲ್ಲ."

ಅತ್ತೆ ತಂಗಿಯ ಸೊಸೆಯ ಕಡೆ ತಿರುಗಿದರು. "ಹಾಳಿ ಹಾರಿಸಿ ಓದೀಯೇನು?"

"ಇಲ್ರಿ ದೊಡ್ಡತ್ತಿ. ಎಲ್ಲಾ ಓದೇನ್ರಿ."

"ಹಂಗಾದ್ರ ತಗೊಂಡ ಬಾ. ಇಲ್ಲೇ ಓದು."

ಆಗಲೇ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನನ್ನ ಕೈಯಲ್ಲಿನ ಎಳೆಗಳು ಹರಿಯತೊಡಗಿದವು. ಆ ಹುಡುಗಿ ಕೈ ತೊಳೆದು ಪುಸ್ತಕ ತಂದಳು. ಪುಟ ಹಿಂದೆ ಮುಂದೆ ತಿರುವಿದಳು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲವೂ ಬರೆದಿದ್ದಿರಬೇಕು. ಆಕೆ ಒಂದು ಪುಟ ತೆರೆದು, ನಿಧಾನವಾಗಿ ಓದತೊಡಗಿದಳು. ಬೆಳಗಿನ ಜಾವ ಹಿತ್ತಲಿನ ಎಮ್ಮೆ ಒದರಿತು, ವಕೀಲರ ಹೆಂಡತಿ ದೀಪ ಹಿಡಿದು ಓಡಿದಳು, ಎಮ್ಮೆ ಹೆಣ್ಣುಗರು ಈಯಿತು, ಕರುವಿನ ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು, ವಕೀಲರ ಹೆಂಡತಿ ತನ್ನ ಸೆರಗಿನಿಂದಲೇ ಕರುವಿನ ಮೈ ಒರೆಸಿದಳು. ನನ್ನ ಎಮ್ಮೆಗಿಂತ ಆಕೆಯದು ಎಷ್ಟೋ ಚೆನ್ನಾಗಿತ್ತು. ಮಣೆಯ ಮೇಲಿನ ಕೈಗಳೆಲ್ಲ ನಿಂತಿದ್ದವು.

"ಕೇಳಿದ್ಯಾ?" ಎಂದು ಅತ್ತೆ ತಂಗಿಯ ಮೇಲೆ ಗೆದ್ದರು. ಕೂಡಲೇ ನನ್ನ ಕಡೆ ತಿರುಗಿ, "ಈದದ್ದು ನನಗ್ಯಾಕ ಓದಲಿಲ್ಲ ನೀ?" ಎಂದರು.

ಅಷ್ಟರಲ್ಲಿ ಸಣ್ಣತ್ತೆ ಸೊಸೆಯ ಮೇಲೆ ಹರಿಹಾಯ್ದರು. "ಇದ್ದದ್ದು ಬಿಟ್ಟು ಬರೇ ಸಪ್ಪನ್ನದು ಓದಿ ನನ್ನ ಕಿವ್ಯಾಗ ಹೂವ ಇಟ್ಟೀಯಲ್ಲ. ಮೈಗಳ್ಳಿ. ನಾಳಿಂದ ಪುಸ್ತಕ ಮುಟ್ಟಬ್ಯಾಡ. ಕಸಾ ಹೊಡಿ, ನೀರ ತಾ, ಅಷ್ಟ ಸಾಕು."

ಹುಡುಗಿ ಪುಸ್ತಕ ಮುಚ್ಚಿ ಕೆಳಗಿಟ್ಟಳು. ನನ್ನನ್ನು ಉಳಿಸಲು ಹೋಗಿ ಅವಳು ತನ್ನ ಹೊತ್ತನ್ನು ಕಳೆದುಕೊಂಡಿದ್ದಳು. ಅದರ ಬೆಲೆ ಆ ಮನೆಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

"ಪುಸ್ತಕದಾಗ ಎಮ್ಮಿ ಇಲ್ರಿ" ಎಂದೆ. "ಅದು ನಾ ಹಾಕಿದ್ದು."

"ಈಗ ಆಕಿ ಓದಿದ್ದು?" ಎಂದರು ಅತ್ತೆ.

"ಅದು ಆಕಿ ಹಾಕಿದ್ದು. ನನ್ನ ಸಲುವಾಗಿ."

ಹೆಂಗಸರು ನಕ್ಕರು. ಸಣ್ಣತ್ತೆಯೂ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕು, "ಹಂಗಾದ್ರ ಇನ್ನ ಮ್ಯಾಲ ನಮ್ಮಾಕೀನೂ ಹಾಕಿ ಓದ್ಲಿ" ಎಂದರು. ಹುಡುಗಿಯ ಓದು ಉಳಿಯಿತು. ನನ್ನ ಅತ್ತೆ ಮಾತ್ರ ನಗಲಿಲ್ಲ.

ಜೀಪಿನಲ್ಲಿ ಬಬಲೇಶ್ವರಕ್ಕೆ ಬರುವಾಗ ಆ ಪುಸ್ತಕ ಅವರ ಮಡಿಲಲ್ಲಿತ್ತು. ಎರಡು ದಿನ ಪುಸ್ತಕದ ಸುದ್ದಿ ಬರಲಿಲ್ಲ. ಮೂರನೆಯ ದಿನ ತೊಗರಿ ಆರಿಸುತ್ತ, ದನಿ ಏರಿಸದೆ ಹೇಳಿದರು.

"ನನಗ ಅಕ್ಷರ ಬರೂದಿಲ್ಲ. ನೀ ಪುಸ್ತಕ ಹಿಡಕೊಂಡು ಏನಂದ್ರೂ ಅದು ಬರದದ್ದು ಅಂತ ನಂಬತೀನಿ. ನಂಬಿ ನಾಕು ಮಂದಿ ಮುಂದ ಹೇಳೇನಿ. ಕುರುಡರಿಗೆ ತಪ್ಪು ದಾರಿ ತೋರಿಸಿದಂಗ ಮಾಡಿದಿ ನೀ."

ನನಗೆ ನಾಚಿಕೆಯಾಯಿತು. ಅವರನ್ನು ಖುಷಿಪಡಿಸಿದೆನೆಂದು ಬೀಗುತ್ತಿದ್ದೆನಲ್ಲ, ಅದು ಅವರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದ ಮೇಲೆ ಮಾಡಿದ ಕೆಲಸವಾಗಿತ್ತು. ತಪ್ಪಾಯಿತು ಎಂದೆ.

"ಹಿಂದಿನವ್ರಾಗೂ ಹಾಕಿದ್ದೇನು?"

"ಇಲ್ರಿ. ಇದೊಂದರಾಗ."

ಅವರು ನನ್ನ ಮುಖ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ಅದನ್ನ ಮತ್ತ ಓದು, ಇದ್ದದ್ದು ಇದ್ದಂಗ" ಎಂದರು.

ಓದಿದೆ. ವಕೀಲರ ಹೆಂಡತಿ ಕಿಟಕಿಯಲ್ಲಿ ನಿಂತಳು, ಐದು ಸಲ ಕಾಫಿ ಕುಡಿದಳು. ಅತ್ತೆ ಹಾಲಿನ ಮಾತೆತ್ತಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅತ್ತೆ ಒಂದು ದಿನವೂ "ಮುಚ್ಚಿಡು" ಎನ್ನದೆ ಕೊನೆಯ ಪುಟದ ತನಕ ಕುಳಿತರು. "ತಂಗಿ ಅಂದದ್ದ ಖರೆ. ಸಪ್ಪಗ ಐತಿ. ಮುಂದಿಂದು ತರಸು" ಎಂದರು.

ಈ ಸಲ ಕಾರ್ಡಿನಲ್ಲಿ, ದಪ್ಪವೂ ಬೇಡ, ಹೊಲಸೂ ಬೇಡ, ಯಾರಾದರೂ ಮೈಮುರಿದು ಕೆಲಸ ಮಾಡುವ ಪುಸ್ತಕ ಕೇಳಿರಿ ಎಂದು ಬರೆದೆ. ನಾನೇನೂ ಸೇರಿಸಬೇಕಾಗಿರದ ಪುಸ್ತಕ ನನಗೆ ಬೇಕಿತ್ತು. ಅಂಗಡಿಯವನು ನಕ್ಕನಂತೆ, ಆದರೂ ಕೆಳಗಿನ ಸಾಲಿನಿಂದ ತೆಳ್ಳನೆಯದೊಂದನ್ನು ತೆಗೆದುಕೊಟ್ಟನಂತೆ. ಖಾನಾವಳಿ ನಡೆಸುವ ವಿಧವೆಯೊಬ್ಬಳ ಕಥೆ. ಎರಡನೆಯ ಪುಟಕ್ಕೆ ಆಕೆ ಒಲೆ ಹೊತ್ತಿಸಿ, ಹಸಿ ಕಟ್ಟಿಗೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ನಲವತ್ತು ಮಂದಿಯ ಹಿಟ್ಟು ನಾದಲು ಕುಳಿತಳು. ಅತ್ತೆಯ ಕೈ ನಿಂತಿತು.

"ತಡಿ. ಇದು ಅದರಾಗ ಐತೇನು?"

ಪುಸ್ತಕವನ್ನು ಅವರ ಕಡೆ ತಿರುಗಿಸಿ ಸಾಲಿನ ಕೆಳಗೆ ಬೆರಳಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದರು. ನನ್ನ ಬೆರಳು ಶುರುವಾದಲ್ಲಿಂದ ನಿಂತಲ್ಲಿಯ ತನಕ ಅಕ್ಷರಗಳನ್ನು ನೋಡಿದರು. ಆಮೇಲೆ, "ಓದು" ಎಂದರು.

ಆ ಮೇಲೆ ಎಷ್ಟೋ ವರ್ಷ ಅವರಿಗೆ ಓದಿದೆ, ಒಂದು ಮಾತನ್ನೂ ಸೇರಿಸದೆ. ಕಥೆ ಸಪ್ಪಗಿದ್ದಾಗ ಅವರು ಎಂದೂ "ಅದರಾಗ ಐತೇನು?" ಎಂದು ಕೇಳಲಿಲ್ಲ. ಚೆನ್ನಾಗಿದ್ದಾಗಲೆಲ್ಲ ಕೇಳಿದರು.