ಪಾರ್ಕ್ ಮೂಲೇಲಿ ನಾನಿಟ್ಟ ಫೋಟೋ

ಬೆಂಗಳೂರಿನ ಹೇರೋಹಳ್ಳಿ ಕಡೆ ಒಂದು ಪಾರ್ಕಲ್ಲಿ ನಾನು ಮಾಲಿ. ನಮ್ಮಜ್ಜಿ ಹೇಳೋ ಪ್ರಕಾರ ಅಲ್ಲಿ ಮೊದ್ಲು ರಾಗಿ ಹೊಲ, ಮಧ್ಯ ಒಂದು ಬಾವಿ. ಹೊಲ ಎಲ್ಲಾ ಸೈಟ್ ಆಯ್ತು. ಬಾವಿ ಇದ್ದ ಜಾಗ ಯಾರೂ ತಗೊಳ್ಲಿಲ್ಲ, ಅದಕ್ಕೇ ಪಾರ್ಕ್ ಆಯ್ತು. ಈಗ ಬಾವಿ ಮೇಲೆ ಕಬ್ಬಿಣದ ಜಾಲರಿ, ಸುತ್ತ ವಾಕಿಂಗ್ ದಾರಿ, ನಾಲ್ಕು ಕಲ್ಲು ಬೆಂಚು, ಕಿರ್ ಅನ್ನೋ ಜಿಮ್ ಸಾಮಾನು. ಅಷ್ಟೇ.

ತೊಂದ್ರೆ ಇದ್ದಿದ್ದು ಹಿಂದಿನ ಗೇಟ್ ಮೂಲೇಲಿ. ಬೆಳಗ್ಗೆ ಗುಡಿಸಿದ್ರೆ ಹತ್ತು ಗಂಟೆಗೆ ಮತ್ತೆ ಕಸದ ಕವರ್. ನನ್ನ ಕೆಲಸಕ್ಕಿಟ್ಟಿರೋ ಕಂಟ್ರಾಕ್ಟರ್ ನೋಡಿ, "ಇನ್ನೊಂದ್ಸಲ ಇಲ್ಲಿ ಕಸ ಕಂಡ್ರೆ ನೀನು ಬರ್ಬೇಡ, ಬೇರೆಯವ್ನ ಹಾಕ್ತೀನಿ" ಅಂದ. ನಂಗೆ ಬರೋದು ಇದೊಂದೇ ಕೆಲಸ. ಎಲ್ಲಾ ಕಡೆ ಮಾಡ್ತಾರಲ್ಲ, ಹಂಗೇ ಮನೇಲಿದ್ದ ಹಳೇ ಗಣೇಶನ ಫೋಟೋ ತಂದು ಗೋಡೆಗೆ ಒರಗಿಸ್ದೆ. ದೇವ್ರ ಮುಂದೆ ಯಾರು ಕಸ ಹಾಕ್ತಾರೆ?

ಕಸ ನಿಂತೋಯ್ತು. ಆದ್ರೆ ವಾರದೊಳಗೆ ಪಕ್ಕದಲ್ಲಿ ಇನ್ನೊಂದು ಫೋಟೋ. ಆಮೇಲೆ ಹತ್ತಾಯ್ತು. ಒಡೆದ ಗಾಜು, ಗೆದ್ಲು ಹಿಡಿದ ಫ್ರೇಮು. ಮನೇಲಿ ಇಟ್ಕೊಳಂಗಿಲ್ಲ, ಬಿಸಾಕಂಗಿಲ್ಲ ಅನ್ನೋ ದೇವ್ರನ್ನೆಲ್ಲ ತಂದಿಟ್ರು. ಒಬ್ಬ ಆಂಟಿ ಇಡ್ತಾ ಇದ್ದಾಗ್ಲೇ ಹಿಡ್ಕೊಂಡೆ.

"ಆಂಟಿ, ಇಲ್ಲಿ ಇಡ್ಬೇಡಿ."

"ನೀನೇ ಇಟ್ಟಿದೀಯಲ್ಲಪ್ಪಾ?"

"ನಾನಿಟ್ಟಿದ್ದು ಕಸ ಹಾಕ್ಬಾರ್ದು ಅಂತ."

"ನಮ್ ವೆಂಕಟರಮಣನ್ನ ಕಸ ಅಂತೀಯಾ?"

ಪೊರಕೆ ಎತ್ಕೊಂಡು ಆಚೆ ಹೋದೆ.

ಕಂಟ್ರಾಕ್ಟರ್ ಫೋನ್ ಮಾಡಿ ನಾಳೆ ಬರ್ತೀನಿ ಅಂದ. ಒಡೆದ ಗಾಜು ಕಂಡ್ರೆ ಅವ್ನಿಗೆ ಅದೂ ಕಸಾನೇ. ಮುಟ್ಟಕ್ಕೆ ಭಯ, ಬಿಟ್ರೆ ಕೆಲಸ ಹೋಗತ್ತೆ. ಅಜ್ಜಿನ ಕೇಳ್ದೆ.

"ಗಾಜಲ್ಲೇನೋ ದೇವ್ರಿರೋದು? ಬಿಚ್ಚಿ ಬೇರೆ ಮಾಡು. ಪಟ ಮಣ್ಣಿಗೆ ಹಾಕು, ಯಾರೂ ತುಳೀದೇ ಇರೋ ಕಡೆ" ಅಂದ್ಲು.

ಬೆಳಗ್ಗೆ ಚಪ್ಪಲಿ ಬಿಟ್ಟು ಕೂತ್ಕೊಂಡು ಒಂದೊಂದೇ ಫ್ರೇಮಿನ ಮೊಳೆ ಕಿತ್ತೆ. ದಿನಾ ವಾಕಿಂಗ್ ಬರೋ ಒಬ್ರು ತಾತ ನಿಂತ್ಕೊಂಡು, "ಪಾಪ ಬರತ್ತೆ ಕಣಯ್ಯಾ" ಅಂದ್ರು.

"ಬರ್ಲಿ ಬಿಡಿ ಸಾರ್. ಈ ಗೋಣಿಚೀಲ ಸ್ವಲ್ಪ ಹಿಡ್ಕೊಳಿ."

ಬೈಕೊಂಡೇ ಹಿಡ್ಕೊಂಡ್ರು. ಗಾಜು, ಕಟ್ಟಿಗೆ ಚೀಲಕ್ಕೆ. ಪಟ ಎಲ್ಲಾ ಗೋಡೆ ಪಕ್ಕದ ಗುಂಡಿಗೆ, ನನ್ ಗಣೇಶನೂ ಸೇರಿ. ಮಣ್ಣು ಮುಚ್ಚಿ ಮೇಲೊಂದು ದಾಸವಾಳದ ಕಡ್ಡಿ ನೆಟ್ಟು, ಸುತ್ತ ಕಲ್ಲಿಟ್ಟೆ.

ಕಂಟ್ರಾಕ್ಟರ್ ಬಂದ, ಮೂಲೆ ನೋಡ್ದ, ಹಂಗೇ ಗಾಡಿ ಹತ್ತಿ ಹೋದ. ನನ್ ಕೆಲಸ ಉಳೀತು.

ಸಾಯಂಕಾಲ ಆ ಆಂಟಿ ಬಂದ್ರು. "ನಮ್ ದೇವ್ರೆಲ್ಲೋ?" ಅಂದ್ರು. ಕಡ್ಡಿ ತೋರಿಸಿ, ಅದ್ರ ಕೆಳಗೆ ಅಂದೆ. ಬೈತಾರೆ ಅನ್ಕೊಂಡೆ. ಬಾಟ್ಲಲ್ಲಿದ್ದ ನೀರು ಕಡ್ಡಿಗೆ ಹಾಕಿದ್ರು.

"ಒಣಗಿಸ್ಬೇಡ. ಒಣಗಿಸಿದ್ರೆ ನೋಡು" ಅಂದು ಹೋದ್ರು.

ಈಗ ಕಡ್ಡೀಲಿ ಮೂರು ಎಲೆ ಬಂದಿದೆ.