ಪರಿಮಳ ಓದಿದ ಸಾಲು

ಪರಿಮಳಳಿಗೆ ಓದಲು ಬರುವುದಿಲ್ಲ ಎಂದವರ ಬಾಯಿಗೆ ಮಣ್ಣು ಹಾಕ! ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು, ಶಕುಂತಲಮ್ಮ. ಅವಳ ಪಕ್ಕದ ಕೋಣೆಯಲ್ಲೇ ಎರಡು ವರ್ಷ ಕೂತಿದ್ದೆ. ನನಗೆ ಗೊತ್ತಿಲ್ಲವೇ?

ಎದೆನೋವೆಂದು ಬಂದವರ ಇಸಿಜಿಯನ್ನು ಕಂಪ್ಯೂಟರಿನಲ್ಲಿ ಕೊಯಮತ್ತೂರಿನ ಡಾಕ್ಟರಿಗೆ ಕಳಿಸುವುದು ಅವಳ ಕೆಲಸ. ತಾಯಿ ಮಾದಿ ಅರಿಶಿನದ ಹೊಲಗಳಲ್ಲಿ ಕೂಲಿ. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿದ ಮೊದಲನೆಯವಳು ಇವಳೇ.

2007ರಲ್ಲಿ ಒಂದು ಸಿಡಿಲಿಗೆ ಮೋಡೆಮ್ ಸುಟ್ಟು, ಹೊಸದು ಬಂತು. ಅಂದಿನಿಂದ ಇಸಿಜಿ ಅರ್ಧಕ್ಕೇ ನಿಲ್ಲತೊಡಗಿತು. ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ತಡೆದು ನೋಡುವ ಒಂದು ಕಾವಲು ಪೆಟ್ಟಿಗೆಯಿತ್ತು, ಫೈರ್‌ವಾಲ್ ಅಂತ. ಚಿತ್ರ ಚೂರುಚೂರಾಗಿ, ಪ್ಯಾಕೆಟ್‌ಗಳಾಗಿ ಅದನ್ನು ದಾಟಬೇಕು. ದಾಟದೆ ಬಿದ್ದುಹೋದವುಗಳ ಸಂಖ್ಯೆ ಪರದೆಯ ಮೇಲೆ ಏರುತ್ತಲೇ ಇತ್ತು. ರೋಗಿಗಳನ್ನೆಲ್ಲ ದಿಂಬಂ ಘಾಟಿ ಇಳಿಸಿ ಸತ್ಯಮಂಗಲಕ್ಕೆ ಕಳಿಸಬೇಕಾಯಿತು. ಆಡಳಿತ ನೋಡುವ ದಯಾನಂದ್ ಎಗರಾಡಿದರು.

“ಸೋಮವಾರದೊಳ್ಗೆ ಸರಿಯಾಗ್ಬೇಕು ಕಣಮ್ಮ. ಇಲ್ದಿದ್ರೆ ಬೇರೇರ್ನ ಇಟ್ಕತೀನಿ.”

ಪೆಟ್ಟಿಗೆಯ ಎಂಜಿನಿಯರ್ ಕೊಯಮತ್ತೂರಿನಲ್ಲಿ, ಫೋನಿನಲ್ಲಿ, ತಮಿಳಿನಲ್ಲಿ. ಪರದೆಯ ಮೇಲಿನ ಒಂದೊಂದೇ ಸಾಲನ್ನು ಪರಿಮಳ ಅವನಿಗೆ ಓದಿ ಹೇಳುತ್ತಿದ್ದಳು. “ಡೂಪ್ಲೆಕ್ಸ್, ಆಫ್ ಸಾರ್.”

“ಆಫ್‌ನಾ ವಿಡುಮ್ಮಾ,” ಆಫ್ ಆಗಿದ್ದರೆ ಬಿಡು ಎಂದ ಮಹಾಶಯ. ಕೇಬಲ್ ಬದಲಾಯಿಸು ಎಂದ, ಬದಲಾಯಿಸಿದಳು. ಪೆಟ್ಟಿಗೆ ಆರಿಸಿ ಹಚ್ಚು ಎಂದ, ಹಚ್ಚಿದಳು. ಮೂರು ದಿನ ಇದೇ ಗೋಳು. ಊಟದ ಡಬ್ಬಿ ತೆರೆಯದೆಯೇ ಮನೆಗೆ ಒಯ್ಯುತ್ತಿದ್ದಳು.

ಭಾನುವಾರ ಅವನು, ನೀನು ಸರಿಯಾಗಿ ಓದುತ್ತಿಲ್ಲ ಎಂದು ಗದರಿದ. ಪರಿಮಳಳಿಗೆ ರೇಗಿತು. ಅಕ್ಷರ ಅಕ್ಷರ ಬಿಡಿಸಿ ಹೇಳತೊಡಗಿದಳು. ಡೂಪ್ಲೆಕ್ಸ್ ಸಾಲಿಗೆ ಬಂದಾಗ, “ಎಚ್, ಎ, ಎಲ್, ಎಫ್.”

“ಹಾಫಾ?” ಎಂದ ಅವನು.

ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹೊಲ ‘ಒಲ’ ಆಗುತ್ತದೆ, ಹಳ್ಳಿ ‘ಅಳ್ಳಿ’ ಆಗುತ್ತದೆ. ಅವಳ ಹಾಫ್ ಅವನಿಗೆ ಆಫ್ ಆಗಿ ಕೇಳಿಸಿತ್ತು. ಡೂಪ್ಲೆಕ್ಸ್ ಎಂದರೆ ಯಂತ್ರಗಳು ಮಾತಾಡಿಕೊಳ್ಳುವ ರೀತಿ. ಹೊಸ ಮೋಡೆಮ್ ಮಾತಾಡುತ್ತಲೇ ಕೇಳಿಸಿಕೊಳ್ಳುವ ಜಾತಿಯದು. ಪೆಟ್ಟಿಗೆ ಹಾಫ್‌ನಲ್ಲಿತ್ತು, ಅಂದರೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಒಂದರ ಮೇಲೊಂದು ಬಿದ್ದು ಪ್ಯಾಕೆಟ್‌ಗಳು ಹಾಳಾಗುತ್ತಿದ್ದವು. ಅವನು ಹೇಳಿದ ಎರಡು ಸಾಲು ಟೈಪ್ ಮಾಡಿದಳು. ಏರುವ ಸಂಖ್ಯೆ ನಿಂತಿತು. ಗೆಟ್ಟವಾಡಿಯಿಂದ ಬಂದಿದ್ದ ಚಿಕ್ಕಸಿದ್ದನ ಇಸಿಜಿ ಪೂರ್ತಿ ಹೋಯಿತು. ಅಬ್ಬಾ, ಕೆಲಸ ಉಳಿಯಿತು ಅಂದುಕೊಂಡೆವು.

ಸೋಮವಾರ ಎಂಜಿನಿಯರನ ವರದಿ ಬಂತು. ಆಪರೇಟರ್ ತಪ್ಪಾಗಿ ಓದಿದ್ದರಿಂದ ಮೂರು ದಿನ ತಡವಾಯಿತಂತೆ! ದಯಾನಂದ್ ಅದನ್ನು ಹಿಡಿದು ಬಂದರು.

“ಆಫ್ ಅಂತ ಇರೋದ್ನ ಆಫ್ ಅಂತ ಓದ್ಬುಟ್ಟಲ್ಲಮ್ಮ! ಅಷ್ಟೂ ಬರಲ್ವಾ ನಿಂಗೆ?”

ಎರಡು ಮಾತೂ ಅವರ ಬಾಯಲ್ಲಿ ಒಂದೇ ಆಗಿತ್ತು.

“ನೀವೂ ಅಂಗೇ ಅಂದ್ರಲ್ಲ ಸಾ,” ಎಂದೆ ನಾನು. ತಡೆಯಲಾಗಲಿಲ್ಲ.

“ನಾನ್ ಸರಿಯಾಗೇ ಓದಿವ್ನಿ ಸಾ,” ಎಂದಳು ಪರಿಮಳ.

ಅವರ ಮುಖ ಕೆಂಪಾಯಿತು. ನನ್ನ ಮೇಲಿನ ಸಿಟ್ಟನ್ನೂ ಅವಳ ಮೇಲೆಯೇ ತೀರಿಸಿಕೊಂಡರು.

“ಕೀ ಮಡಗ್ಬುಟ್ಟು ಓಗು.”

ಪರಿಮಳಳಿಗೆ ಅದು ಸರಿಯಾಗಿಯೇ ಕೇಳಿಸಿತು. ಕೋಣೆಯ ಕೀ ಮೇಜಿನ ಮೇಲಿಟ್ಟು ಹೋದಳು.