ಚಕ್ರವಿಲ್ಲದ ಬಸ್ಸಿನ ಡ್ರೈವರ್ ಮಾವ

ಬೀದಿದೀಪ ಇನ್ನೂ ಆರಿಲ್ಲ. ಬೇಕರಿ ಮೂಲೆಯಲ್ಲಿ ನಿಂತ ಡ್ರೈವರ್ ಮಾವ ಎರಡನೇ ಮಹಡಿಯ ಕಿಟಕಿಯತ್ತ ಕೂಗುತ್ತಾರೆ: "ಕುಂಭಕರ್ಣಾ, ಇಳಿಯೋ! ಬಸ್ಸು ಹೊರಟಿತು!" ಒಂದೇ ಕಾಲಿಗೆ ಸಾಕ್ಸ್ ಹಾಕಿದ ಹುಡುಗ ದಡಬಡ ಇಳಿದು ಬರುತ್ತಾನೆ. "ರೈಟ್ ರೈಟ್!" ಮೂವತ್ತು ಮಕ್ಕಳ ಸಾಲು ಶಾಲೆಯತ್ತ ಹೊರಡುತ್ತದೆ. ಎಂಜಿನ್ನಿಲ್ಲ, ಚಕ್ರವಿಲ್ಲ, ಎರಡು ಕಿಲೋಮೀಟರ್ ದಾರಿಗೆ ಕಾಲೇ ಗತಿ.

ಹಿಂದೆ ಇವರು ಇದೇ ಶಾಲೆಯ ನಿಜವಾದ ಬಸ್ಸು ಓಡಿಸುತ್ತಿದ್ದವರು. ನಲವತ್ತೆರಡರ ವಯಸ್ಸು. ಒಂದು ಮಧ್ಯಾಹ್ನ, ಮಕ್ಕಳು ತುಂಬಿದ್ದ ಬಸ್ಸಿನಲ್ಲೇ ಎದೆ ಹಿಂಡಿತು. ಬಸ್ಸನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಸ್ಟೀರಿಂಗಿಗೆ ತಲೆಯಿಟ್ಟರು. ಮಕ್ಕಳಿಗೆ ಒಂದು ಗೀರೂ ಆಗಲಿಲ್ಲ. ಇವರ ಎದೆಗೆ ಉದ್ದನೆಯ ಹೊಲಿಗೆ ಬಿತ್ತು, ಕೆಲಸ ಹೋಯಿತು.

"ಡಾಕ್ಟ್ರು ನನ್ನ ಚಿಕ್ಕಂದಿನ ಕಥೆ ಕೇಳಿದ್ರು. ಗುಂಡಗೆ ಇದ್ದೆ, ಆಟ ಅಂದ್ರೆ ಆಗ್ತಿರಲಿಲ್ಲ, ಅಪ್ಪ ಮನೆಯೊಳಗೇ ಸಿಗರೇಟ್ ಸೇದೋರು. ನಲವತ್ತೆರಡಕ್ಕೆ ಬಿದ್ದ ಮರಕ್ಕೆ ಗೆದ್ದಲು ಹತ್ತನೇ ವಯಸ್ಸಿಗೇ ಹಿಡಿದಿರಬಹುದು ಅಂದ್ರು," ಎಂದು ನಗುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ. ಮರುವರ್ಷ ಶಾಲೆಯ ತಪಾಸಣೆಯಲ್ಲಿ ಅವರ ಒಂಬತ್ತು ವರ್ಷದ ಮಗಳಿಗೂ ರಕ್ತದೊತ್ತಡ ಹೆಚ್ಚಿರುವುದು ಗೊತ್ತಾಯಿತು. "ಅವತ್ತು ನನ್ನ ಹೊಲಿಗೆಯೆಲ್ಲ ಮತ್ತೆ ಬಿಚ್ಚಿದಂಗಾಯ್ತು."

ಮಾರನೇ ದಿನವೇ ಅಪ್ಪ, ಮಗಳು ಕೈಹಿಡಿದು ಶಾಲೆಗೆ ನಡೆದರು. ಅರ್ಧ ದಾರಿಗೇ ಅವಳು ಏದುಸಿರು ಬಿಡುತ್ತ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತಳು. ತಡವಾಗಿ ಹೋಗಿ ಬೈಸಿಕೊಂಡರು. ಆದರೂ ಹಟ ಬಿಡಲಿಲ್ಲ. ಪಕ್ಕದ ಮನೆಯ ಅವಳಿ ಮಕ್ಕಳು ಜೊತೆಯಾದರು, ಅವರ ಹಿಂದೆ ಗೆಳೆಯರು. "ಬಸ್ಸಿರುವಾಗ ನಮ್ಮ ಮಗು ಯಾಕ್ರೀ ಕಾಲು ಸವೆಸ್ಬೇಕು?" ಎಂದು ಜಗಳಕ್ಕೆ ಬಂದಿದ್ದ ತಾಯಿಯೇ ಈಗ ಸಾಲಿನ ಬಾಲಕ್ಕೆ ಕಾವಲು. ಶಾಲೆಯವರೂ ಮಾವನನ್ನು ಈ ಕೆಲಸಕ್ಕೆಂದೇ ಕರೆದು ನೇಮಿಸಿಕೊಂಡಿದ್ದಾರೆ.

ಹೆಂಡತಿಯ ತಕರಾರು ಮಾತ್ರ ಮುಗಿದಿಲ್ಲ. "ಬಟಾಣಿ ಸುಲೀರಿ ಅಂದ್ರೆ ಸುಸ್ತು, ಊರ ಮಕ್ಕಳನ್ನ ಮೇಯಿಸೋಕೆ ಎಲ್ಲಿಲ್ಲದ ಹುರುಪು!" ಹೀಗೆನ್ನುವ ಆಕೆಯೇ ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ಗಡೀಪಾರು ಮಾಡಿದವರು.

ಮಗಳ ರಕ್ತದೊತ್ತಡ ಹದಕ್ಕೆ ಬಂದು ವರ್ಷವಾಯಿತು. ಮೊನ್ನೆ ಶಾಲೆಯ ಓಟದಲ್ಲಿ, ಹನ್ನೆರಡು ತುಂಬಿದ ಅವಳು ಮೈದಾನಕ್ಕೆ ನಾಲ್ಕು ಸುತ್ತು ಹಾಕಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಳು. "ಚಪ್ಪಾಳೆ ತಟ್ಟೋಣ ಅಂದ್ರೆ ಕೈಯೇ ಏಳಲಿಲ್ಲ. ಗೊಳೋ ಅಂತ ಅತ್ತುಬಿಟ್ಟೆ," ಎನ್ನುತ್ತಾರೆ ಮಾವ.

ಗೇಟು ಬರುತ್ತದೆ. ಕೊನೆಯ ಮಗುವಿನ ಬೆನ್ನು ತಟ್ಟಿ ಒಳಗೆ ಕಳಿಸಿ, ಮಾವ ಬೆವರು ಒರೆಸಿಕೊಳ್ಳುತ್ತಾರೆ.

"ಆಗ ಮಕ್ಕಳನ್ನ ಶಾಲೆ ತನಕ ಮುಟ್ಟಿಸ್ತಿದ್ದೆ. ಈಗ ಎಂಬತ್ತರ ವಯಸ್ಸಿನ ತನಕ ಮುಟ್ಟಿಸ್ತಾ ಇದ್ದೀನಿ ಅಂತ ನನ್ನ ನಂಬಿಕೆ."